ಅಣ್ಣನ ಕಾರಿಗೆ ಹೊಯ್ದ ಎಣ್ಣೆ

ಅಣ್ಣ ಕೊಂಡ ಕಾರಿಗೆ ಟಾಪು, ಅಂದರೆ ಮಳೆಗೆ ಮೇಲೆ ಎಳೆದುಕೊಳ್ಳುವ ಕ್ಯಾನ್ವಾಸಿನ ಹೊದಿಕೆ, ಇರಲಿಲ್ಲ. ಇದ್ದಿದ್ದರೆ ನಾವು ಆ ಜನವರಿಯಲ್ಲಿ ಘಾಟಿ ಹತ್ತುವ ಅಗತ್ಯವೇ ಬರುತ್ತಿರಲಿಲ್ಲ. ಹೀಗೆ ಒಂದೊಂದನ್ನೇ ಹಿಂದಕ್ಕೆ ಎಳೆದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಎಳೆಯುತ್ತ ಹೋದರೆ ಕೊನೆಗೆ ಕೈಗೆ ಬರುವುದು ಒಂದು ತೆಂಗಿನೆಣ್ಣೆಯ ಬಾಟಲಿ. ಅದು ನನ್ನದು. ಆ ಸಂಗತಿಯನ್ನು ಎರಡು ವರ್ಷ ನಾನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುದರಿಂದ ಬಂಟ್ವಾಳದ ಒಬ್ಬ ಮೇಸ್ತ್ರಿಯ ಹೆಸರು ಕೆಟ್ಟಿತು.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಮ್ಮ ಮನೆ ಬಂಟ್ವಾಳದ ಹತ್ತಿರ. ಅಣ್ಣ ಡಾಕ್ಟರಿಕೆ ಓದಿ ಬಂದು ಬೆಳ್ತಂಗಡಿಯ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಕುಳಿತಿದ್ದ. ದಿನಾ ಹೋಗಿ ಬರುವುದು. ಅದರ ಮೇಲೆ ನೆರಿಯದಿಂದಲೋ ಕಕ್ಕಿಂಜೆಯಿಂದಲೋ ಯಾರಾದರೂ ಓಡಿ ಬಂದು ಕರೆದರೆ ಅಲ್ಲಿಗೂ ಹೋಗುವುದು. ನಾನು ಬಿ.ಎಸ್ಸಿ. ಮುಗಿಸಿ ಮೂಡಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ವಾರವೆಲ್ಲ ಅಲ್ಲಿಯೇ ಒಂದು ಮನೆಯಲ್ಲಿ ಇರುತ್ತಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ.

ಆ ಕಾರು ಘಾಟಿಯ ಮೇಲಿನ ಒಬ್ಬ ಕಾಫಿ ತೋಟದ ದೊರೆಯದು. ಒಮ್ಮೆ ಅವನು ಕೈಗೆ ಗಾಯ ಮಾಡಿಕೊಂಡು ಕೆಳಗೆ ಬಂದಿದ್ದ. ಅಣ್ಣ ಹೊಲಿಗೆ ಹಾಕಿ ಅವನನ್ನು ಬೀಳ್ಕೊಡಲು ಹೊರಗೆ ಬಂದವನು ಕಾರನ್ನು ನೋಡಿ ಅಲ್ಲಿಯೇ ನಿಂತನಂತೆ. ಹಸಿರು ಬಣ್ಣ, ಎರಡೇ ಸೀಟು, ಉದ್ದ ಮೂತಿ, ನೆಲಕ್ಕೆ ಒಂದು ಗೇಣು ಬಿಟ್ಟರೆ ಹೆಚ್ಚು. ಅವರ ದೇಶದಲ್ಲಿ ಪಂದ್ಯದ ಓಟಕ್ಕೆ ಇಳಿಸುವ ಜಾತಿಯ ಕಾರು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹಿಂದಿರುಗುವವನಿದ್ದ. ಫೆಬ್ರವರಿಯಲ್ಲಿ ಗಾಯದ ಪಟ್ಟಿ ಬಿಚ್ಚಲು ಅವನು ಬಂದಾಗ ಮಾತು ಮುಗಿಯಿತು. ಯುಗಾದಿಯ ಹೊತ್ತಿಗೆ ಕಾರು ನಮ್ಮ ಅಂಗಳದಲ್ಲಿತ್ತು.

ಅಪ್ಪ ಅದರ ಸುತ್ತ ಒಂದು ಸುತ್ತು ಬಂದರು. ‘ಎರಡು ಸೀಟು. ಮನೆಯಲ್ಲಿ ಇಷ್ಟು ಜನ ಇದ್ದೇವೆ. ಉಳಿದವರು ಬಾನೆಟ್ಟಿನ ಮೇಲೆ ಕೂರುವುದಾ?’

‘ಉಳಿದವರಿಗೆ ಬಸ್ಸು ಉಂಟಲ್ಲ ಅಪ್ಪ,’ ಎಂದ ಅಣ್ಣ.

ಅಮ್ಮ ಸೀಟಿನಲ್ಲಿ ಕುಳಿತು ನೋಡಿ ಕೂಡಲೇ ಎದ್ದರು. ‘ಇಷ್ಟು ತಗ್ಗಿನಲ್ಲಿ ಕೂತರೆ ಎದುರಿಗೆ ಎಮ್ಮೆಯ ಹೊಟ್ಟೆ ಮಾತ್ರ ಕಾಣುವುದು ಮಾರಾಯ. ಇದನ್ನು ಬೇಸಿಗೆಯಲ್ಲಿ ಓಡಿಸು, ಮಳೆಗೆ ಬೇರೆ ಒಂದು ಸಾಧಾರಣದ್ದು ನೋಡು.’

ಎಲ್ಲರೂ ಅದನ್ನೇ ಹೇಳಿದರು. ಅಣ್ಣ ಕೇಳಲಿಲ್ಲ. ದಿನಾ ಓಡದ ಕಾರು ಕಾರಲ್ಲ, ಆಟಿಕೆ ಎನ್ನುತ್ತಿದ್ದ. ಮಳೆಯಿರಲಿ ಬಿಸಿಲಿರಲಿ ಇದರಲ್ಲೇ ಹೋಗುತ್ತೇನೆ, ಒಂದು ವರ್ಷ ಪೂರ್ತಿ ಓಡಿಸಿ ತೋರಿಸುತ್ತೇನೆ ಎಂದು ಅಪ್ಪನೊಡನೆ ಪಂತ ಕಟ್ಟಿದಂತೆಯೇ ಮಾತಾಡಿದ. ಅವನು ಸಣ್ಣಂದಿನಿಂದ ನಿಧಾನದ ಹುಡುಗ. ಊಟ ನಿಧಾನ, ಮಾತು ನಿಧಾನ. ಆ ಕಾರಿನಲ್ಲಿ ಕೂತಾಗ ಮಾತ್ರ ಅವನು ಬೇರೆಯೇ ಮನುಷ್ಯನಾಗುತ್ತಿದ್ದ. ನನಗೂ ಅದು ಇಷ್ಟವಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆಯ ಗೇಟಿನ ಹೊರಗೆ ಅದರ ಗುರುಗುರು ಕೇಳಿದರೆ ಹುಡುಗಿಯರು ಕಿಟಕಿಗೆ ಮುತ್ತುತ್ತಿದ್ದರು. ಸಿದ್ಧಕಟ್ಟೆಯ ಕಡೆಯ ನೇರ ರಸ್ತೆಯಲ್ಲಿ ಅವನು ವೇಗ ಹೆಚ್ಚಿಸಿದರೆ ನಾನು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಣ್ಣು ಮುಚ್ಚದೆ ಕೂರುತ್ತಿದ್ದೆ. ‘ಸಾಕಾ?’ ಎಂದು ಅವನು ಕೂಗುವುದು, ‘ಇನ್ನೂ’ ಎಂದು ನಾನು ಕೂಗುವುದು. ಇದನ್ನೂ ಬರೆಯಬೇಕು. ವೇಗದ ಹುಚ್ಚು ಅವನೊಬ್ಬನದೇ ಅಲ್ಲ.

ಮಳೆಗಾಲ ಬಂತು. ಟಾಪು ದೊರೆಯ ಬಂಗಲೆಯಲ್ಲಿ ಎಲ್ಲಿಯೋ ಉಳಿದಿತ್ತು. ಹುಡುಕಿ ತಿಳಿಸುತ್ತೇನೆ ಎಂದಿದ್ದ. ಅಲ್ಲಿಯವರೆಗೆ ಅಣ್ಣ ತಲೆಗೆ ಮುಟ್ಟಾಳೆ ಎನ್ನುವ ಅಡಿಕೆ ಹಾಳೆಯ ಟೊಪ್ಪಿ ಇಟ್ಟು, ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಬೆನ್ನಿಗೆ ಹೊದೆಯುವ ಓಲೆಯ ಗೊರಬೆಯನ್ನು ಹೊದ್ದು ಕಾರು ಓಡಿಸಿದ. ಔಷಧದ ಪೆಟ್ಟಿಗೆಗೂ ಒಂದು ಗೊರಬೆ. ಪುಂಜಾಲಕಟ್ಟೆಯಲ್ಲಿ ಬಸ್ಸು ನಿಲ್ಲಿಸಿಕೊಂಡಿದ್ದ ಡ್ರೈವರನೊಬ್ಬ ಇವನನ್ನು ಕಂಡು ಮೇಲಿನಿಂದಲೇ ಕೂಗುತ್ತಿದ್ದ.

‘ಡಾಕ್ಟ್ರೇ, ಗದ್ದೆ ಯಾವ ಕಡೆ? ನಾಟಿ ಆಯ್ತಾ?’

‘ಆಯ್ತು. ನಿಮ್ಮ ಬಸ್ಸು ತಲುಪುವಾಗ ಕೊಯ್ಲೂ ಆಗ್ತದೆ,’ ಎನ್ನುತ್ತಿದ್ದ ಅಣ್ಣ.

ಮಳೆಗಾಲವೆಲ್ಲ ಕಾರು ಒಂದು ದಿನವೂ ಮನೆಯಲ್ಲಿ ನಿಲ್ಲಲಿಲ್ಲ. ಆದರೆ ಒಳಗೊಳಗೇ ನೀರು ತನ್ನ ಕೆಲಸ ಮಾಡುತ್ತಿತ್ತು. ಹ್ಯಾಂಡ್ ಬ್ರೇಕಿನ ತಂತಿ ತುಕ್ಕು ಹಿಡಿದು ತುಂಡಾಯಿತು. ಕಾಲಿನ ಬ್ರೇಕಿನಲ್ಲಿ ಎಣ್ಣೆ ಸ್ವಲ್ಪ ಸ್ವಲ್ಪವೇ ಸೋರತೊಡಗಿತು.

ಬಂಟ್ವಾಳದ ಪೇಟೆಯ ಕೊನೆಯಲ್ಲಿ, ಹೊಳೆಯ ಬದಿಗೆ, ಒಬ್ಬ ಬ್ಯಾರಿ ಮೇಸ್ತ್ರಿಯ ಶೆಡ್ಡು ಇತ್ತು. ಬಸ್ಸು, ಲಾರಿ, ಪೇಟೆಯ ನಾಲ್ಕಾರು ಕಾರು ಎಲ್ಲವೂ ಅವರ ಕೈಯಲ್ಲೇ. ಐವತ್ತು ದಾಟಿದ ತೆಳ್ಳಗಿನ ಮನುಷ್ಯ. ಎಂಜಿನ್ನಿಗೆ ಒಂದು ಕೋಲು ಒತ್ತಿ ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳುತ್ತಿದ್ದರು. ‘ನಾವಿಬ್ಬರೂ ಒಂದೇ ಕೆಲಸದವರು ಸಾಯ್ಬ್ರೇ,’ ಎಂದು ಅಣ್ಣ ಸ್ಟೆತೊಸ್ಕೋಪು ತೋರಿಸಿ ನಗುತ್ತಿದ್ದ.

ಅವರು ಬ್ರೇಕು ಬಿಚ್ಚಿ ನೋಡಿ ಹೇಳಿದರು: ‘ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರಿನ ಬಟ್ಟಲು, ಕಪ್ಪು ಅಂತೇವೆ, ಅದು ಹೋಗಿದೆ. ಅದಕ್ಕೂ ಹ್ಯಾಂಡ್ ಬ್ರೇಕಿನ ತಂತಿಗೂ ಮದ್ರಾಸಿಗೆ ಬರೆದು ಹಾಕ್ತೇನೆ, ಬರುವಾಗ ಬರ್ಲಿ. ಅಲ್ಲಿವರೆಗೆ ವಾರಕ್ಕೊಮ್ಮೆ ಇದನ್ನು ಹೊಯ್ಯಿರಿ.’ ಒಂದು ಟಿನ್ನು ಬ್ರೇಕ್ ಆಯಿಲ್ ಕೊಟ್ಟರು. ‘ಇದನ್ನು ಮಾತ್ರ. ಮುಗಿದರೆ ನನ್ನ ಹತ್ರ ಬನ್ನಿ. ಡಾಕ್ಟ್ರಿಗೆ ನಾನು ಹೇಳುವುದಾ? ನೀವು ಕೊಟ್ಟ ಮದ್ದು ಬಿಟ್ಟು ರೋಗಿ ಬೇರೆ ಕುಡಿದರೆ ನೀವು ಬಿಡ್ತೀರಾ?’

ಅಣ್ಣ ಆ ಟಿನ್ನಿನ ಮುಚ್ಚಳ ತೆಗೆದು ಮೂಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ‘ಇದರಲ್ಲಿ ಇರುವುದು ಹರಳೆಣ್ಣೆ ಮಾರಾಯ್ತಿ,’ ಎಂದ ದಾರಿಯಲ್ಲಿ. ‘ಮಕ್ಕಳಿಗೆ ನಾನು ಭೇದಿಗೆ ಕೊಡುವುದೇ. ಸ್ವಲ್ಪ ಸ್ಪಿರಿಟ್ಟು ಸೇರಿಸಿದ್ದಾರೆ ಅಷ್ಟೆ.’ ಅವನ ಮೂಗು ತಪ್ಪಿರಲಿಲ್ಲ. ಅದೇ ಮುಳುವಾಯಿತು.

ಅಕ್ಟೋಬರಿನಲ್ಲಿ ನೆರಿಯದ ಒಂದು ಮನೆಗೆ ಹೆರಿಗೆಗೆಂದು ಹೋಗಿದ್ದಾಗ ಪೆಡಲು ನೆಲ ಮುಟ್ಟಿತು. ಟಿನ್ನು ಖಾಲಿ. ಆ ಮನೆಯವರ ಹತ್ತಿರ ಹರಳೆಣ್ಣೆ ಇರಲಿಲ್ಲ. ನಮ್ಮ ಕಡೆ ಯಾವ ಮನೆಯಲ್ಲೂ ಕೇಳದೆ ಸಿಗುವುದು ತೆಂಗಿನೆಣ್ಣೆ. ಅಡಿಗೆಗೆ, ತಲೆಗೆ, ಗಾಯಕ್ಕೆ, ಬಾಗಿಲಿನ ಕೀಲಿಗೆ, ಎಲ್ಲದಕ್ಕೂ ಅದೇ. ಅಣ್ಣ ಅದನ್ನೇ ಹೊಯ್ದ. ಬ್ರೇಕು ಹಿಡಿಯಿತು. ಮನೆಯವರೆಗೂ ಚೆನ್ನಾಗಿ ಹಿಡಿಯಿತು. ಆಮೇಲೆ ಅವನು ಟಿನ್ನಿನ ಯೋಚನೆಯನ್ನೇ ಬಿಟ್ಟ. ವಾರಕ್ಕೊಮ್ಮೆ ಅಡಿಗೆಮನೆಯ ಭರಣಿಯಿಂದ, ಶನಿವಾರ ದಾರಿಯಲ್ಲಿ ಬೇಕಾದರೆ ನನ್ನ ಚೀಲದಲ್ಲಿರುವ ಬಾಟಲಿಯಿಂದ.

ಪೇಟೆಯಲ್ಲಿ ಮೇಸ್ತ್ರಿ ಎದುರಾದರೆ ಕೇಳುತ್ತಿದ್ದರು: ‘ಕಪ್ಪು ಮದ್ರಾಸಿನಿಂದ ಇನ್ನೂ ಬರಲಿಲ್ಲ. ಟಿನ್ನು ಮುಗಿಯಲಿಲ್ಲವಾ ಡಾಕ್ಟ್ರೇ?’

‘ಉಂಟು ಉಂಟು. ಸೋರುವುದು ಕಡಿಮೆಯಾಗಿದೆ.’

ನಾನು ಪಕ್ಕದಲ್ಲಿ ಕೂತು ನಗು ತಡೆಯುತ್ತಿದ್ದೆ.

ಜನವರಿಯಲ್ಲಿ ದೊರೆಯ ಕಾಗದ ಬಂತು. ಟಾಪು ಸಿಕ್ಕಿದೆ, ತಿಂಗಳ ಕೊನೆಗೆ ಹೊರಡುತ್ತೇನೆ, ಬಂದು ತೆಗೆದುಕೊಂಡು ಹೋಗಿ. ಅಣ್ಣನಿಗೆ ಹಬ್ಬವೇ ಆಯಿತು. ‘ಬಾ, ಹೋಗುವ. ಮುಂದಿನ ಮಳೆಗೆ ಗೊರಬೆ ಬೇಡ,’ ಎಂದ. ಶಾಲೆಗೆ ಎರಡು ದಿನ ರಜೆ ಹಾಕಿ ಹೊರಟೆ. ಚಾರ್ಮಾಡಿ ಘಾಟಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿದೆವು. ಬಂಗಲೆ ಘಾಟಿಯ ತಲೆಯಿಂದ ಸ್ವಲ್ಪ ದೂರ, ರಸ್ತೆಗಿಂತ ತಗ್ಗಿನಲ್ಲಿ. ದೊರೆ ಆ ದಿನ ನಮ್ಮನ್ನು ಬಿಡಲಿಲ್ಲ. ಕಾರು ಹೊರಗೆ ಮರದಡಿ ನಿಂತಿತು.

ಬೆಳಿಗ್ಗೆ ಎದ್ದರೆ ಹಲ್ಲು ಕಟಕಟ. ಕಿಟಕಿಯ ಹೊರಗೆ ಮಂಜು. ತಲೆಗೆ ಎಣ್ಣೆ ಹಚ್ಚೋಣವೆಂದು ಬಾಟಲಿ ತೆಗೆದರೆ ಒಳಗೆ ಬೆಳ್ಳಗೆ ಮೇಣದ ಹಾಗೆ ಗಟ್ಟಿಯಾಗಿತ್ತು. ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ಬಂಗಲೆಯ ಅಡಿಗೆಯವನು ಅದನ್ನು ಒಲೆಯ ಬದಿಗಿಟ್ಟು ಕರಗಿಸಿ ಕೊಟ್ಟ. ಹಚ್ಚಿಕೊಂಡು, ಜಡೆ ಹಾಕಿಕೊಂಡು ಹೊರಗೆ ಬಂದೆ.

ಅಣ್ಣ ಬಾನೆಟ್ಟು ಎತ್ತಿಕೊಂಡು ನಿಂತಿದ್ದ. ‘ನಿನ್ನ ಬಾಟಲಿ ಕೊಡು.’

ಕೊಟ್ಟೆ. ಬಾಟಲಿ ಇನ್ನೂ ಬೆಚ್ಚಗಿತ್ತು.

ಪ್ರತಿ ವರ್ಷ ಚಳಿಗಾಲದಲ್ಲಿ ಮಕ್ಕಳಿಗೆ ದ್ರವ ಘನವಾಗುವ ಪಾಠ ಮಾಡುವಾಗ, ‘ನಿಮ್ಮ ಮನೆಯ ತೆಂಗಿನೆಣ್ಣೆಯನ್ನೇ ಘಾಟಿಯ ಮೇಲಕ್ಕೆ ಒಯ್ದು ನೋಡಿ’ ಎಂದು ಉದಾಹರಣೆ ಕೊಡುತ್ತಿದ್ದವಳು ನಾನು. ಆ ಬೆಳಿಗ್ಗೆ ಬಾಟಲಿಯೊಳಗೆ ಬೆಳ್ಳಗಾದದ್ದನ್ನು ಕಣ್ಣಾರೆ ಕಂಡೆ. ಕಾಲಿನ ಒತ್ತನ್ನು ಚಕ್ರಕ್ಕೆ ಮುಟ್ಟಿಸಬೇಕಾದ ಅದೇ ಎಣ್ಣೆ ಬ್ರೇಕಿನ ಸಪೂರ ಪೈಪಿನೊಳಗೆ ಇಡೀ ರಾತ್ರಿ ಆ ಚಳಿಯಲ್ಲಿ ನಿಂತಿದೆ ಎಂಬುದು ನನ್ನ ತಲೆಗೆ ಬರಲಿಲ್ಲ. ಎರಡೂ ಒಂದೇ ತಲೆಯೊಳಗೆ ಇದ್ದವು, ಒಂದಕ್ಕೊಂದು ಮುಟ್ಟಲಿಲ್ಲ.

ಅಣ್ಣ ಸೀಟಿನಲ್ಲಿ ಕುಳಿತು ಪೆಡಲು ಒತ್ತಿ ನೋಡಿದ. ಅದು ಅಲುಗಲಿಲ್ಲ. ‘ನೋಡು, ಇವತ್ತು ಬ್ರೇಕು ಎಷ್ಟು ಗಟ್ಟಿ ಉಂಟು,’ ಎಂದ. ಖುಷಿಯಾಗಿದ್ದ. ಟಾಪನ್ನು ಮಡಚಿ ನನ್ನ ಮಡಿಲಿಗೆ ಹಾಕಿದ, ದೊಡ್ಡ ಹಾಸಿಗೆಯಷ್ಟು ಗಂಟು. ಬಂಗಲೆಯಿಂದ ರಸ್ತೆಯವರೆಗೆ ಏರು. ಬ್ರೇಕಿನ ಕೆಲಸವೇ ಇರಲಿಲ್ಲ. ಘಾಟಿಯ ಮೊದಲ ತಿರುವುಗಳನ್ನು ಅವನು ಎಂದಿನಂತೆ ಗೇರಿನಲ್ಲೇ ಇಳಿಸಿದ.

ಮೂರನೆಯದೋ ನಾಲ್ಕನೆಯದೋ ತಿರುವು. ಅವನ ಬೆನ್ನು ಸೀಟಿಗೆ ಒತ್ತಿಕೊಂಡದ್ದು ಕಂಡೆ. ಪೆಡಲಿನ ಮೇಲೆ ನಿಂತಂತೆ ಒತ್ತುತ್ತಿದ್ದ. ಪೆಡಲು ಕಲ್ಲಿನ ಹಾಗೆ ಗಟ್ಟಿ. ಕಾರು ಮಾತ್ರ ನಿಧಾನವಾಗಲಿಲ್ಲ. ಕೆಳಗಿನ ಗೇರಿಗೆ ಹಾಕಿದ, ಎಂಜಿನ್ನು ಕಿರುಚಿತು. ಇನ್ನೂ ಕೆಳಗಿನದಕ್ಕೆ ಹಾಕಹೋದ, ಗೇರು ಕೂರಲಿಲ್ಲ, ಕರಕರ ಸದ್ದು ಬಂತು. ಆಮೇಲೆ ಎಂಜಿನ್ನಿನ ಹಿಡಿತವೂ ತಪ್ಪಿ ಕಾರು ತನ್ನಷ್ಟಕ್ಕೆ ಓಡತೊಡಗಿತು. ಎಡಕ್ಕೆ ಪ್ರಪಾತ. ಬಲಕ್ಕೆ ಗುಡ್ಡ ಕಡಿದ ಕಲ್ಲಿನ ಗೋಡೆ. ಸದ್ದೇ ಇರಲಿಲ್ಲ, ಗಾಳಿಯದ್ದು ಮಾತ್ರ. ಎದುರಿಗೆ ಮಂಜಿನಲ್ಲಿ ರಸ್ತೆ ಬಲಕ್ಕೆ ತಿರುಗುವುದು ಕಾಣುತ್ತಿತ್ತು.

‘ಕಾಲು ಮೇಲೆ ತೆಗೆ,’ ಎಂದ ಅಣ್ಣ. ಕೂಗಲಿಲ್ಲ. ಮನೆಯಲ್ಲಿ ನೆಲ ಒರೆಸುವಾಗ ಅಮ್ಮ ಹೇಳುವ ಹಾಗೆ ಹೇಳಿದ.

ನಾನು ಕಾಲು ಮಡಚಿ ಟಾಪಿನ ಗಂಟನ್ನು ಅಪ್ಪಿಕೊಂಡೆ.

ಕಾರು ಗೋಡೆಗೆ ಬಡಿದದ್ದು ಅವನ ಬದಿಯಿಂದ. ಬೇಕೆಂದೇ ಬಲಕ್ಕೆ ತಿರುಗಿಸಿದನೋ, ಬಲಕ್ಕೆ ತಿರುಗುವ ರಸ್ತೆಯಲ್ಲಿ ಹಾಗೆ ಆಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಕೆಲವು ಗಳಿಗೆಯನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಪ್ರತಿ ಸಲವೂ ಕೈಗಳನ್ನು ನೋಡಲು ಪ್ರಯತ್ನಿಸುತ್ತೇನೆ. ನಾನು ಆಗ ಅವನ ಕೈಗಳನ್ನು ನೋಡಿರಲಿಲ್ಲ, ರಸ್ತೆಯನ್ನು ನೋಡುತ್ತಿದ್ದೆ.

ಗಾಜು ಒಡೆದು ಟಾಪಿನ ಗಂಟಿನೊಳಗೆ ತುಂಬಿತ್ತು. ನನಗೆ ಹಣೆಯ ಮೇಲೆ ಒಂದು ಗೀರು, ಅಷ್ಟೆ. ರಸ್ತೆ ಕೆಲಸದವರು ಓಡಿ ಬಂದರು. ಹಿಂದಿನಿಂದ ಇಳಿದು ಬಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಅಣ್ಣನನ್ನು ಮಲಗಿಸಿದರು. ಅವನ ತಲೆ ನನ್ನ ತೊಡೆಯ ಮೇಲೆ. ಕೆಳಗಿಳಿಯುತ್ತ ಬಿಸಿಲು ಬಂತು, ಸೆಖೆ ಬಂತು. ನನ್ನ ಜಡೆ ಅವನ ಎದೆಯ ಮೇಲೆ ಬಿದ್ದಿತ್ತು. ಅದರಿಂದ ತೆಂಗಿನೆಣ್ಣೆಯ ವಾಸನೆ ಬಂತು. ಆಗ, ಆ ಬಸ್ಸಿನಲ್ಲಿ, ಎಲ್ಲವೂ ನನಗೆ ತಿಳಿಯಿತು. ಕಕ್ಕಿಂಜೆ ತಲುಪುವಾಗ ಅವನು ಇರಲಿಲ್ಲ.

ಕಾರನ್ನು ಲಾರಿಯಲ್ಲಿ ಹಾಕಿ ಬಂಟ್ವಾಳದ ಶೆಡ್ಡಿಗೆ ತಂದರು. ಮೇಸ್ತ್ರಿ ಬಿಚ್ಚಿ ನೋಡಿ ಪೊಲೀಸರಿಗೆ, ‘ಬ್ರೇಕಿನ ಎಣ್ಣೆ ಸೋರಿ ಹೋಗಿದೆ, ರಬ್ಬರ್ ಕಪ್ಪು ಹಳತು’ ಎಂದರು. ಕಪ್ಪು ಹಳತು ಎಂದರೆ ಮೇಸ್ತ್ರಿಯ ತಪ್ಪು. ಊರಿಗೆ ಅಷ್ಟು ಸಾಕಾಯಿತು. ಮನೆಗೆ ಮಾತಾಡಿಸಲು ಬಂದವರ ಎದುರು ಅಪ್ಪ, ‘ಕಾರನ್ನು ಆ ಮೇಸ್ತ್ರಿಯ ಕೈಗೆ ಕೊಟ್ಟದ್ದೇ ತಪ್ಪು’ ಎಂದರು. ಅಪ್ಪನ ಮಾತಿಗೆ ಊರಿನಲ್ಲಿ ತೂಕ ಇತ್ತು. ಕಾರಿನವರು ಮಂಗಳೂರಿಗೆ ಹೋಗತೊಡಗಿದರು. ಬಸ್ಸಿನವರೂ ಒಬ್ಬೊಬ್ಬರಾಗಿ ಬಿಟ್ಟರು. ಬಾಗಿಲ ಹಿಂದೆ ನಿಂತು ನಾನು ಅಪ್ಪನ ಮಾತು ಕೇಳಿದ್ದೆ. ಬಾಯಿ ತೆರೆಯಲಿಲ್ಲ. ಈ ದಿನ ಬೇಡ, ಅಮ್ಮ ಸ್ವಲ್ಪ ಸುಧಾರಿಸಲಿ, ತಿಥಿ ಕಳೆಯಲಿ, ಮಳೆ ಬಿಡಲಿ. ಹೀಗೆ ಎರಡು ವರ್ಷ.

ಮೇಸ್ತ್ರಿ ಶೆಡ್ಡು ಮುಚ್ಚಿ ಬೊಂಬಾಯಿಯಲ್ಲಿರುವ ತಮ್ಮನ ಬಳಿಗೆ ಹೋಗುತ್ತಾರಂತೆ ಎಂಬ ಸುದ್ದಿ ಮೂಡಬಿದಿರೆಯ ಬಸ್ಸಿನಲ್ಲೇ ನನ್ನ ಕಿವಿಗೆ ಬಿತ್ತು. ಆ ಶನಿವಾರ ಬಂಟ್ವಾಳದಲ್ಲಿ ಇಳಿದವಳು ನೇರ ಶೆಡ್ಡಿಗೆ ಹೋದೆ. ಅವರು ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸುತ್ತಿದ್ದರು.

‘ಸಾಯ್ಬ್ರೇ, ಬ್ರೇಕಿನಲ್ಲಿ ಇದ್ದದ್ದು...’

‘ತೆಂಗಿನೆಣ್ಣೆ,’ ಎಂದರು, ತಲೆಯೆತ್ತದೆ. ‘ಕಾರು ಇಲ್ಲಿಗೆ ಬರುವಾಗ ಕರಗಿ ನೀರಾಗಿತ್ತು. ಪೈಪು ಬಿಚ್ಚಿದ ಕೂಡಲೇ ಶೆಡ್ಡೆಲ್ಲ ವಾಸನೆ.’

ನನಗೆ ಕೂರಲು ಒಂದು ಡಬ್ಬ ಕೊಟ್ಟರು.

‘ನೀವು ಯಾಕೆ ಹೇಳಲಿಲ್ಲ?’

‘ಎಂಥ ಹೇಳುವುದು ಟೀಚರೇ? ಇಷ್ಟು ಓದಿದ ಡಾಕ್ಟ್ರು ಬ್ರೇಕಿಗೆ ತೆಂಗಿನೆಣ್ಣೆ ಹಾಕಿ ಹೋದ್ರು ಅಂತ ಈ ಪೇಟೆಯವರು ಹೋಟೆಲಿನಲ್ಲಿ ಕೂತು ಹೇಳಿಕೊಂಡು ನಗ್ತಾರೆ. ವರ್ಷಗಟ್ಟಲೆ ನಗ್ತಾರೆ. ಅವರು ನನ್ನನ್ನು ಬೈಯುವುದಾದರೆ ಬೈಯಲಿ ಅಂತ ಕಂಡಿತು. ಇಷ್ಟು ದೂರ ಹೋಗ್ತದೆ ಅಂತ ನನಗೂ ಗೊತ್ತಿರಲಿಲ್ಲ.’

‘ಬಾಟಲಿ ನನ್ನದು ಸಾಯ್ಬ್ರೇ. ಅದು ಬೆಳ್ಳಗಾದದ್ದನ್ನು ನಾನು ನೋಡಿದ್ದೆ.’

ಅವರು ಒರೆಸುವುದನ್ನು ನಿಲ್ಲಿಸಿದರು. ಸಮಾಧಾನದ ಮಾತು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಅವರ ಎರಡು ವರ್ಷವನ್ನು ನಾನು ತಿಂದಿದ್ದೆ, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ನಾನೇ ಕೇಳಿದೆ, ಅಣ್ಣ ಬೇಕೆಂದೇ ತಿರುಗಿಸಿದನಾ ಎಂದು.

‘ಸ್ಟೇರಿಂಗ್ ಬಲಕ್ಕೆ ಪೂರ್ತಿ ತಿರುಗಿ ಇತ್ತು,’ ಎಂದರು. ‘ಅಷ್ಟು ನಾನು ನೋಡಿದ್ದು. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗ್ತದೆ.’

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಜಗಲಿಯಲ್ಲಿ ಕೂತು, ಬಾಟಲಿಯಿಂದ ಶೆಡ್ಡಿನವರೆಗೆ, ಎಲ್ಲವನ್ನೂ. ಅಪ್ಪ ನನ್ನ ಕಡೆ ನೋಡಲಿಲ್ಲ. ಮುಗಿದ ಮೇಲೆ, ‘ಮೇಸ್ತ್ರಿ ಹೊರಡುವುದು ಯಾವಾಗ?’ ಎಂದು ಕೇಳಿದರು.

‘ನಾಳೆ ಬೆಳಿಗ್ಗೆಯ ಬಸ್ಸಿಗೆ.’

ಬೆಳಿಗ್ಗೆ ಅಪ್ಪ ಒಗೆದ ಪಂಚೆ ಉಟ್ಟು ಶಾಲು ಹೊದ್ದು ಹೊರಟರು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಹಿಂದೆ ನಡೆದೆ. ಪೇಟೆಯಲ್ಲಿ ಬಸ್ಸು ನಿಂತಿತ್ತು, ಭಾನುವಾರದ ಜನ. ಮೇಸ್ತ್ರಿ ಕಬ್ಬಿಣದ ದೊಡ್ಡ ಪೆಟ್ಟಿಗೆಯ ಒಂದು ಕಡೆ ಹಿಡಿದುಕೊಂಡು ಇನ್ನೊಂದು ಕಡೆಗೆ ಯಾರನ್ನಾದರೂ ಕರೆಯಲು ನೋಡುತ್ತಿದ್ದರು. ಅಪ್ಪ ಹೋಗಿ ಆ ಬದಿಯ ಹಿಡಿಯನ್ನು ಹಿಡಿದರು. ಪೇಟೆಯಲ್ಲಿ ಅಪ್ಪ ತಮ್ಮ ಕೊಡೆಯನ್ನೂ ತಾವೇ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

‘ಧಣಿಗಳೇ, ಬೇಡ ಬೇಡ. ಜನ ನೋಡ್ತಾರೆ.’

‘ನೋಡ್ಲಿ ಅಂತಲೇ ಹಿಡಿದದ್ದು,’ ಎಂದರು ಅಪ್ಪ. ಆಮೇಲೆ, ಹೋಟೆಲಿನ ಜಗಲಿಯಲ್ಲಿ ಕೂತವರಿಗೂ ಕೇಳುವ ಹಾಗೆ, ‘ತಪ್ಪು ನನ್ನ ಮನೆಯದ್ದು. ನಿಮ್ಮದಲ್ಲ.’

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಬಸ್ಸಿನ ಏಣಿಯವರೆಗೆ ಹೊತ್ತರು. ಕಂಡಕ್ಟರು ಮೇಲಿನಿಂದ ಎಳೆದುಕೊಂಡ. ಮೇಸ್ತ್ರಿ ಅಪ್ಪನ ಕೈಯನ್ನು ಒಂದು ಗಳಿಗೆ ಹಿಡಿದು ಬಸ್ಸು ಹತ್ತಿದರು. ಅವರು ಉಳಿಯಬಹುದು ಎಂದು ಎಲ್ಲೋ ಒಂದು ಆಸೆ ನನಗಿತ್ತು. ಬಸ್ಸು ಹೊರಟಿತು.

ಹಿಂದಿರುಗುವಾಗ ಅಪ್ಪನ ಅಂಗೈ ಪೂರ್ತಿ ಗ್ರೀಸಿನಿಂದ ಕಪ್ಪಾಗಿತ್ತು. ಬಟ್ಟೆಗೆ ತಾಗದಂತೆ ಅದನ್ನು ಮುಂದಕ್ಕೆ ಚಾಚಿಕೊಂಡು ನಡೆಯುತ್ತಿದ್ದರು. ಅಣ್ಣ ಹೋದಂದಿನಿಂದ ಘಾಟಿಯಲ್ಲಿ ಏನಾಯಿತೆಂದು ಅವರು ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ. ಗದ್ದೆಯ ಬದು ಸಿಕ್ಕಿದ ಮೇಲೆ ನಿಂತರು.

‘ಕೊನೆಗೆ ಅವನು ಏನಾದರೂ ಹೇಳಿದನಾ?’

‘ಕಾಲು ಮೇಲೆ ತೆಗೆ ಅಂದ.’

ಅಪ್ಪ ತಲೆಯಾಡಿಸಿದರು. ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತು ಕೇಳಿದರು:

‘ತೆಗೆದೆಯಾ?’

‘ತೆಗೆದೆ ಅಪ್ಪ.’

‘ಹ್ಞೂಂ,’ ಎಂದು ಮುಂದೆ ನಡೆದರು.